ಕೋಟಿನೊಳಗಿನ ನೀಲಿ

ಜನವರಿ 11, ಸಂಜೆ

ಇನ್ನೂ ನಾಲ್ಕು ಪರದೆಗೆ ಅಂಚು ಹೊಲಿಯುವುದು ಬಾಕಿ. ಯಾವುದೋ ಹೋಟೆಲಿನವರದು. ಬೆಂದ ಬೀಟ್‌ರೂಟಿನ ಬಣ್ಣ. ಇದನ್ನು ಆರಿಸಿದವರ ಮನೆ ಒಳಗೆ ಹೇಗಿದೆಯೋ ಒಮ್ಮೆ ನೋಡಬೇಕು.

ಇವರು ಬಂದರು. ಹೆಸರು ತೂಲ್ಕಿನ್. ಆದರೆ ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ, ಬರೆಯುವಾಗಲೂ ‘ಇವರು’ ಅಂತಲೇ ಬರುತ್ತದೆ. ಬಂದದ್ದು ಮೆಟ್ಟಿಲಲ್ಲೇ ತಿಳಿಯುತ್ತದೆ. ಕೆಳಗಿನಿಂದ ಗುನುಗುತ್ತಾ ಹತ್ತುತ್ತಾರೆ, ನಮ್ಮ ಬಾಗಿಲು ಬಂತೋ ಬಾಯಿ ಬಂದ್. ಬೂಟು ಬಿಚ್ಚಿ, ಟೈಲ್ಸ್ ಪುಡಿ ಹತ್ತಿದ ಪ್ಯಾಂಟು ಕೊಡವಿ, ಮೆಲ್ಲಗೆ — "ಚಹಾ ಇದೆಯಾ?" ರೋಗಿಯನ್ನು ನೋಡಲು ಬಂದವರ ದನಿ.

ಕಾರಣ ನನ್ನ ನೀಲಿ ಬಟ್ಟೆ. ಅಪ್ಪ ತೀರಿಕೊಂಡಾಗ ತೊಟ್ಟದ್ದು. ನಮ್ಮಲ್ಲಿ ಹೆಣ್ಣುಮಕ್ಕಳು ವರ್ಷಪೂರ್ತಿ ನೀಲಿ ತೊಡಬೇಕು — ಹಾಡಿಲ್ಲ, ಮದುವೆಮನೆಯಿಲ್ಲ, ಟಿವಿ ಕೂಡ ಸದ್ದಿಲ್ಲದೆ. ವರ್ಷ ತುಂಬಿದ ಮೇಲೆ ಹಿರಿಯ ಹೆಂಗಸರು ಸೇರಿ ಬಿಳಿ ಹೊದಿಸುತ್ತಾರೆ. ಅಲ್ಲಿಗೆ ಶೋಕ ಮುಗಿಯಿತು. ಗಡಿಯಾಚೆ ತವರೂರು ಮರ್ಗಿಲಾನಿನಲ್ಲಿ ಅಮ್ಮನಿಗೆ, ಸಬೋಹತ್ ಅಕ್ಕನಿಗೆ ಸೆಪ್ಟೆಂಬರಿನಲ್ಲೇ ಹೊದಿಸಿದರು. ಆ ವಾರ ಇಲ್ಲಿ ಮಗಳು ಝಿಯೋದಾಳ ಮೈತುಂಬ ಗುಳ್ಳೆ, ಜ್ವರ. ಹೋಗಲಾಗಲಿಲ್ಲ. ಅಲ್ಮಾಟಿಯಲ್ಲಿ ನಾನೊಬ್ಬಳು ನೀಲಿಯಲ್ಲೇ ಉಳಿದುಬಿಟ್ಟೆ.

ಜನವರಿ 12

ಅಮ್ಮನ ಫೋನು.

"ಹೋಸಿಯತ್, ಇನ್ನೂ ಅದನ್ನೇ ಹಾಕ್ಕೊಂಡಿದ್ದೀಯಾ? ನೀನೇ ತೆಗೆದು ಬಿಸಾಕು ಮಗಳೇ."

"ನಾನೇ ಹೇಗಮ್ಮ ತೆಗೆಯೋದು? ಮೂಗು ಒರೆಸ್ಕೊಂಡ ಹಾಗಾ?"

"ಹಂಗಾದ್ರೆ ವಸಂತಕ್ಕೆ ಬಾ. ಏಪ್ರಿಕಾಟ್ ಹೂ ಬಿಡೋ ಹೊತ್ತಿಗೆ. ನಾವೇ ಹೊದಿಸ್ತೀವಿ."

ಹ್ಞೂಂ ಅಂದೆ. ರಜೆ ಸಿಗುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಜನವರಿ 19, ಭಾನುವಾರ

ಕೆಳಗಿನ ಮನೆಯ ಕುಲ್ಯಾಶ್ ಅಜ್ಜಿ ಕತ್ತರಿ ಹಿಡಿದೇ ಮೇಲೆ ಬಂದಳು. ಕಜಾಕ್ ಅಜ್ಜಿ, ಝಿಯೋದಾಳನ್ನು ಶಾಲೆಯಿಂದ ಕರೆತರುವವಳು. ಬಾಯಿಗೆ ಬೀಗವಿಲ್ಲ.

"ತಿರುಗು ಆ ಕಡೆ. ಬೆನ್ನ ಮೇಲೆ ಸೀಳಿಬಿಡ್ತೀನಿ. ಹಾಕ್ಕೊಳ್ಳೋಕೆ ಏನೂ ಉಳಿಯಲ್ಲ, ಪೀಡೆ ಹೋಯ್ತು."

"ಬೇಡ ಅಜ್ಜಿ, ಅದನ್ನ ನಮ್ಮೋರೇ ಮಾಡ್ಬೇಕು."

"ಯಾಕೆ, ನಾನೇನು ಕುದುರೆನಾ?"

ಝಿಯೋದಾ ನೆಲಕ್ಕೆ ಬಿದ್ದು ನಕ್ಕಳು. ನಾನೂ ನಗಬೇಕಿತ್ತು. ತುಟಿ ಬಿಚ್ಚಿತು, ಸದ್ದು ಬರಲಿಲ್ಲ. ಇವರು ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಈಗ ನಗುತ್ತಾಳೆ, ಈಗ... ಆ ಆಸೆಯ ಮುಖ ನೋಡಲಾಗದೆ ಹೊಲಿಗೆಗೆ ತಲೆ ತಗ್ಗಿಸಿದೆ.

ಇಲ್ಲಾದರೂ ನಿಜ ಬರೆಯುತ್ತೇನೆ. ಹೊದಿಸುವವರಿಲ್ಲ ಎನ್ನುವುದು ಅರ್ಧ. ನಾನು ಅಪ್ಪನ ಮುಖ ನೋಡಲಿಲ್ಲ. ನಮ್ಮವರು ಕಾಯುವುದಿಲ್ಲ, ಹೋದವರನ್ನು ಅಂದೇ ಒಯ್ಯುತ್ತಾರೆ. ಗಡಿ ದಾಟಿ, ಬಸ್ಸು ಬದಲಿಸಿ ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದು ಕೈ ತೊಳೆದಾಗಿತ್ತು. ಅಂಗಳದಲ್ಲಿ ಖಾಲಿ ಬೆಂಚುಗಳು. ನನ್ನ ಪಾಲಿಗೆ ಸಿಕ್ಕಿದ್ದು ಈ ನೀಲಿ ಒಂದೇ. ಇದನ್ನೂ ಬಿಚ್ಚಿಟ್ಟರೆ ಅಪ್ಪನಿಗೂ ನನಗೂ ಏನು ಉಳಿಯಿತು?

ಜನವರಿ 27

ಊಟದ ಹೊತ್ತಿಗೆ ಇವರು, ನೂಡಲ್ಸ್ ಬಟ್ಟಲಿಗೇ ಹೇಳುವವರ ಹಾಗೆ —

"ಒಂಬತ್ತನೇ ತಾರೀಕು ಸಂಜೆ ಏನೂ ಇಟ್ಕೋಬೇಡ."

"ಯಾಕೆ?"

"ಡೇಟು."

ಹೇಳಿ ತಾವೇ ಕೆಂಪಗಾದರು. ಮದುವೆಯಾಗಿ ಹದಿಮೂರು ವರ್ಷ. ನಾವಿಬ್ಬರೇ ಹೊರಗೆ ಹೋದದ್ದೆಂದರೆ ಆಸ್ಪತ್ರೆ, ಪಾಸ್‌ಪೋರ್ಟ್ ಕಚೇರಿ, ಆಲೂಗಡ್ಡೆ ಮೂಟೆ ತರಲು ಮಾರುಕಟ್ಟೆ. ಈ ಮನುಷ್ಯನಿಗೆ ಡೇಟು!

ಆಮೇಲೆ ಜೇಬಿನಿಂದ ಸಂಗೀತ ಕಚೇರಿಯ ಟಿಕೆಟ್ ತೆಗೆದಿಟ್ಟರು. ಮೇಲಿನ ಹೆಸರು ಎರಡು ಸಲ ಓದಿದೆ. ತುರ್ದಿಬೋಯ್ ಹಾಫಿಜ್. ನಮ್ಮೂರ ಹಾಡುಗಾರ. ವಾದ್ಯ ಇಲ್ಲ, ತಾಳ ಇಲ್ಲ. ದನಿ ದೂರ ಹೋಗಲೆಂದು ಬಾಯಿಯ ಪಕ್ಕ ಚಹಾ ತಟ್ಟೆ ಹಿಡಿದು, ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಎತ್ತಿಕೊಂಡು ಹಾಡುವ ದೊಡ್ಡ ಹಾಡು. ಅಪ್ಪನ ಪ್ರಾಣ ಅದು. ನನಗೂ ಅಪ್ಪನೇ ಕಲಿಸಿದ್ದು.

"ನೀಲಿ ಹಾಕಿದೋಳು ಕಚೇರಿ ಕೇಳೋಕೆ ಹೋಗ್ತಾಳೇನ್ರೀ? ನಾಚಿಕೆ ಬೇಡ್ವಾ?"

"ವರ್ಷ ಯಾವಾಗ್ಲೋ ಮುಗೀತು ಕಣೇ."

"ಮುಗಿಸಿದೋರು ಯಾರು?"

ಇವರು ಚಮಚ ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ದನಿ ಎತ್ತಿದ್ದು ಎರಡೋ ಮೂರೋ ಸಲ. ಇವತ್ತೂ ಎತ್ತಲಿಲ್ಲ, ಅದೇ ಕಷ್ಟ.

"ಮಾವ ಹೋದ್ರು. ಸರಿ. ಅವರ ಹಿಂದೆ ನೀನೂ ಹೋಗ್ಬಿಟ್ಟಿದ್ದೀಯ. ನೀನು ಮಷಿನ್ ಮುಂದೆ ಕೂತು ಹಾಡ್ತಿದ್ದೆ, ಎರಡನೇ ಮಹಡಿಗೇ ಕೇಳಿಸ್ತಿತ್ತು. ಓಹೋ, ಮನೆ ಬಂತು ಅನ್ಕೋತಿದ್ದೆ. ಈಗ ಬಾಗಿಲು ತೆಗೆಯೋಕೆ ಭಯ ಆಗತ್ತೆ. ನಾನು ಯಾರ ಹತ್ರ ಹೋಗಿ ಅಳಲಿ?"

ಕೋಟು ಹಾಕಿಕೊಂಡು ಹೊರಗೆ ಹೋದರು. ಬಟ್ಟಲು ತುಂಬಿದ ಹಾಗೇ ಇತ್ತು.

ಜನವರಿ 28

ಇವರು ಚಹಾ ಕೇಳದೆಯೇ ಕೆಲಸಕ್ಕೆ ಹೋದರು. ಪರದೆ ಮುಗಿಯಿತು.

ಫೆಬ್ರವರಿ 3

ಹೊರಗೆ ಹಿಮ, ಹೊಗೆ, ಎರಡೂ ಕಲೆತ ಬೂದಿ ಬಣ್ಣ. ಇಡೀ ದಿನ ಮರ್ಗಿಲಾನ್ ನೆನಪು.

ಅಪ್ಪ ರೇಷ್ಮೆ ನೇಯುವವರು. ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಯಾವಾಗಲೂ. ಸಂಜೆ ಕಾಲುವೆ ಪಕ್ಕದ ಚಹಾದಂಗಡಿಗೆ ಹೋಗುವರು. ಅಲ್ಲಿ ಬಳ್ಳಿಚಪ್ಪರಕ್ಕೆ ಗೌಜಲ ಹಕ್ಕಿಯ ಪಂಜರಗಳನ್ನು ತೂಗುಹಾಕಿರುತ್ತಿದ್ದರು. ಗಂಡಸರ ಜಾಗ. ನಾನು ಸಣ್ಣವಳು, ಅಪ್ಪನ ಮಂಡಿಯ ಮೇಲೆ ಕೂರಲು ಅಡ್ಡಿಯಿರಲಿಲ್ಲ. ಯಾರೋ ಒಬ್ಬರು ಕುಡಿದು ಮುಗಿಸಿದ ತಟ್ಟೆ ಒರೆಸಿ ಬಾಯಿಗೆ ಹಿಡಿದರೆ ಹಕ್ಕಿಗಳೂ ಸುಮ್ಮನಾಗುತ್ತಿದ್ದವು. ಅಪ್ಪನ ದನಿ ಮಾತ್ರ ಸೀಳು. ಆದರೂ ಬಿಡುತ್ತಿರಲಿಲ್ಲ. "ನನ್ನ ಗಂಟಲಲ್ಲಿ ಇರೋದು ಕತ್ತೆ. ಇವಳ ಗಂಟಲು ನೋಡಿ" ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದರು.

ವರ್ಷಕ್ಕೊಮ್ಮೆ ಪಾರ್ಕಿನಲ್ಲಿ ಬಯಲು ಕಚೇರಿ. ಆ ದಿನ ಅಮ್ಮನನ್ನೂ ಕರೆದೊಯ್ಯುವರು. ಜೊತೆಯಾಗಿ ಅಲ್ಲ — ಅಪ್ಪ ಮುಂದೆ, ಅಮ್ಮ ಹಿಂದೆ, ಪರಿಚಯವೇ ಇಲ್ಲದವರ ಹಾಗೆ. ಅಮ್ಮ ಆ ದಿನ ಬೆಳಗ್ಗೆಯಿಂದ ಹುಬ್ಬಿಗೆ ಸೊಪ್ಪಿನ ರಸ ಹಚ್ಚಿಕೊಂಡು ಓಡಾಡುತ್ತಿದ್ದಳು. ಹುಬ್ಬು ಎರಡೂ ಕೂಡಿ ಒಂದಾಗಬೇಕು. ನಾವು ಅಕ್ಕತಂಗಿ ನಕ್ಕರೆ ಸೌಟು ಎಸೆಯುತ್ತಿದ್ದಳು.

ಎಷ್ಟು ಚೆನ್ನಾಗಿತ್ತು. ಯಾರೂ ಅದಕ್ಕೆ ಡೇಟು ಅನ್ನಲಿಲ್ಲ, ಅಷ್ಟೆ.

ರಾತ್ರಿ ಊಟ ಬಡಿಸುವಾಗ ಹೇಳಿದೆ — "ಬರ್ತೀನಿ. ಆದ್ರೆ ಕೋಟು ತೆಗೆಯಲ್ಲ. ಕಚೇರಿ ಮುಗಿಯೋ ತನಕ ಕೋಟಲ್ಲೇ ಕೂರ್ತೀನಿ. ನೀಲಿ ಯಾರಿಗೂ ಕಾಣಬಾರದು. ಮತ್ತೆ ಹಾಡು ಶುರುವಾದ ಮೇಲೆ ನನ್ನ ಮುಖ ನೋಡ್ಬೇಡಿ."

"ನೋಡಲ್ಲ."

"ಆಣೆ?"

"ಆಣೆ." ಎರಡು ಸಲ ಬಡಿಸಿಕೊಂಡು ಉಂಡರು.

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ

ಇವರು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಏನನ್ನೋ ಇಸ್ತ್ರಿ ಮಾಡುತ್ತಿದ್ದಾರೆ. ಸುಟ್ಟ ವಾಸನೆ. ಕೇಳಿದರೆ "ಏನಿಲ್ಲ, ಕರವಸ್ತ್ರ" ಎನ್ನುತ್ತಾರೆ. ಕರವಸ್ತ್ರಕ್ಕೆ ಅರ್ಧ ಗಂಟೆ! ಬಿಳಿ ಅಂಗಿ ಹಾಕಿದ್ದಾರೆ, ಮದುವೆಗಳಿಗೆ ಮಾತ್ರ ತೊಡುವುದು. ಗಡ್ಡ ಕೆರೆದು ಗಲ್ಲದ ಮೇಲೆ ಗಾಯ.

ಝಿಯೋದಾ ಕೆಳಗೆ ಕುಲ್ಯಾಶ್ ಅಜ್ಜಿಯ ಮನೆಗೆ ಹೋದಳು. ಹೋಗುವಾಗ ತನ್ನಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು. ಏನೋ ಸಂಚಿದೆ.

ಕೋಟಿನ ಗುಂಡಿ ಎಲ್ಲ ಭದ್ರ ಮಾಡಿ ಹೊಲಿದುಕೊಂಡೆ.

ಫೆಬ್ರವರಿ 10, ಬೆಳಗ್ಗೆ

ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ಹಾಲ್ ಬಾಗಿಲಲ್ಲಿ ನಮ್ಮವರೇ ತುಂಬಿದ್ದರು. ಮಾರುಕಟ್ಟೆಯಲ್ಲಿ ತೂಕ ಹಾಕುವವರು, ರೊಟ್ಟಿ ಸುಡುವವರು, ಗಾರೆಯವರು, ಎಲ್ಲರೂ ಹಬ್ಬದ ಬಟ್ಟೆಯಲ್ಲಿ. ಸಮೋಸದ ಜಾತಿಯ ನಮ್ಮ ಸಮ್ಸದ ವಾಸನೆ. ಆ ಗದ್ದಲ ಕಿವಿಗೆ ಬಿದ್ದದ್ದೇ ಮರ್ಗಿಲಾನಿನ ಬಸ್ ನಿಲ್ದಾಣಕ್ಕೆ ಬಂದ ಹಾಗಾಯಿತು.

ಒಳಗೆ ಹೋಗುವಲ್ಲಿ ರಷ್ಯನ್ ಹೆಂಗಸು ಕೈ ಅಡ್ಡ ಹಿಡಿದಳು. "ಕೋಟು ಅಲ್ಲಿ ಕೊಟ್ಟು ಬನ್ನಿ."

"ಚಳಿ ಆಗತ್ತೆ."

"ಒಳಗೆ ಸೆಕೆ. ಕೋಟು ಹಾಕ್ಕೊಂಡೋರನ್ನ ಒಳಗೆ ಬಿಡಲ್ಲ. ಯಾರನ್ನೂ."

ಹೌದಲ್ಲ! ಇಷ್ಟು ವರ್ಷ ಈ ಊರಲ್ಲಿದ್ದು, ಮಗಳ ಶಾಲೆಯ ನಾಟಕಕ್ಕೂ ಕೋಟು ಒಪ್ಪಿಸಿಯೇ ಕೂತವಳು, ಇದೊಂದು ಹೊಳೆಯಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಇವರ ಮುಖ ನೋಡಿದೆ. ಮನೆಗೆ ಹೋಗೋಣ ಅಂದಿದ್ದರೆ ಬಂದುಬಿಡುತ್ತಿದ್ದರು, ಒಂದು ಮಾತೂ ಆಡದೆ. ಅದಕ್ಕೇ ಅನ್ನಲಾಗಲಿಲ್ಲ. ಕೋಟಿನ ಗುಂಡಿ ಬಿಚ್ಚಿದೆ.

ನೀಲಿ ಕಂಡಿತು. ಪಕ್ಕದಲ್ಲಿದ್ದ ಕಿತ್ತಳೆ ಸ್ಕಾರ್ಫಿನ ಮುದುಕಿಯ ಮಾತು ಅರ್ಧಕ್ಕೆ ನಿಂತಿತು.

"ಯಾವೂರಮ್ಮ?"

"ಮರ್ಗಿಲಾನ್."

"ನಂದು ಕೋಕಂದ್. ಯಾರು ಹೋದ್ರು?"

"ಅಪ್ಪ."

ಮುದುಕಿ ಅಲ್ಲೇ ಅಂಗೈ ಬಿಚ್ಚಿ ಪ್ರಾರ್ಥನೆ ಶುರುಮಾಡಿದಳು. ಅವಳ ಸೊಸೆ ಕೈ ಬಿಚ್ಚಿದಳು. ಹಿಂದಿನವರು, ಅವರ ಹಿಂದಿನವರು. ಸಮ್ಸ ತಿನ್ನುತ್ತಿದ್ದವನೊಬ್ಬ ಅದನ್ನು ಹೆಂಡತಿಗೆ ದಾಟಿಸಿ ಕೈ ಬಿಚ್ಚಿದ. ಮುಗಿದ ಮೇಲೆ ಒಬ್ಬೊಬ್ಬರೇ ಬಂದು "ಜಾಗ ಸ್ವರ್ಗದಲ್ಲಿರಲಿ" ಎಂದು ಹೇಳಿ ಹೋಗತೊಡಗಿದರು. ಕಚೇರಿಗೆ ಬಂದವರ ಸಾಲು ಸಾವಿನ ಮನೆಯ ಸಾಲಾಯಿತು. ನಾನು ಬಾಗಿಲಲ್ಲಿ ನಿಂತ ಮಗಳು. ಅಪ್ಪ ಹೋದ ದಿನ ಹೀಗೆ ನಿಲ್ಲುವುದು ನನಗೆ ಸಿಕ್ಕಿರಲಿಲ್ಲ. ಗಳಗಳ ಅತ್ತುಬಿಟ್ಟೆ.

"ಯಾವಾಗ ಹೋದ್ರು?" ಮುದುಕಿ ಕೇಳಿದಳು. ಹೇಳಿದೆ. ಬೆರಳು ಮಡಿಸಿದಳು. ಕಣ್ಣು ಕಿರಿದು ಮಾಡಿದಳು.

"ವರ್ಷ ಕಳೆದು ಎಷ್ಟೋ ಆಯ್ತಲ್ಲೇ! ಇನ್ನೂ ಯಾಕೆ ಇದು?"

"ಹೊದಿಸೋಕೆ ಇಲ್ಲಿ ನಮ್ಮೋರು ಯಾರೂ ಇಲ್ಲ."

ಆಗ ಇವರು ಮನೆಯಿಂದ ಹಿಡಿದು ತಂದಿದ್ದ ಕೈಚೀಲ ಬಿಚ್ಚಿದರು. ಒಳಗಿನಿಂದ ಬಂದದ್ದು ನನ್ನ ಹಳದಿ ರೇಷ್ಮೆ ಉಡುಪು. ಅಪ್ಪ ನೇಯ್ದದ್ದು, ಮದುವೆಗೆ ಕೊಟ್ಟದ್ದು. ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ಸುಟ್ಟ ಗುರುತು. ಕರವಸ್ತ್ರವಂತೆ!

"ಇದನ್ನ... ಅವಳಿಗೆ... ನೀವು ದೊಡ್ಡೋರು ಯಾರಾದ್ರೂ..." ಇವರ ನಾಲಿಗೆ ತಡವರಿಸಿತು.

"ಬಿಳಿ ಎಲ್ಲಿ?" ಮುದುಕಿ ಕೇಳಿದಳು.

"ಯಾವ ಬಿಳಿ?"

"ಅಯ್ಯೋ ನನ್ನಪ್ಪ! ಮೊದ್ಲು ಬಿಳಿ ಹೊದಿಸಿ ಆಮೇಲೆ ಬಣ್ಣ. ಬಿಳಿ ಇಲ್ದೆ ಬಣ್ಣ ಹಾಕೋಕೆ ಇದೇನು ಅಂಗಡಿ ಗೊಂಬೆನಾ? ಗಂಡಸರ ಕೈಗೆ ಕೆಲಸ ಕೊಟ್ರೆ ಹಿಂಗೇ."

ಹೆಂಗಸರು ಸ್ಕಾರ್ಫ್ ಹುಡುಕಿದರು. ಕೆಂಪು, ಹಸಿರು, ಹೂವು, ಚಿರತೆ ಚುಕ್ಕಿ. ಹಬ್ಬಕ್ಕೆ ಬಂದವರಲ್ಲಿ ಬಿಳಿ ಎಲ್ಲಿಂದ? ಕಚೇರಿ ಶುರುವಾಗುವ ಎರಡನೇ ಗಂಟೆ ಬಾರಿಸಿತು. ಇವರು ಜಾಕೆಟ್ ಕಳಚಿ ಆ ರಷ್ಯನ್ ಹೆಂಗಸಿನ ಕೈಗೆ ಕೊಟ್ಟು, ಅಂಗಿಯ ಗುಂಡಿ ಬಿಚ್ಚತೊಡಗಿದರು. ಅಷ್ಟು ಜನರ ಮುಂದೆ! ನನ್ನ ಮುಂದೆಯೇ ದೀಪ ಆರಿಸಿ ಬಟ್ಟೆ ಬದಲಿಸುವ ಮನುಷ್ಯ.

ಬನಿಯನ್ನಿನಲ್ಲಿ ನಿಂತು ಅಂಗಿಯನ್ನು ಮುದುಕಿಯತ್ತ ಚಾಚಿದರು. ಒಬ್ಬಳು ಮೂಗು ಮುರಿದಳು — "ಗಂಡಸಿನ ಅಂಗಿನಾ?"

"ಬಿಳಿ ಅಂದ್ರೆ ಬಿಳಿ," ಎಂದಳು ಮುದುಕಿ. ಆದರೆ ಅಂಗಿ ತೆಗೆದುಕೊಳ್ಳಲಿಲ್ಲ. "ನನಗ್ಯಾಕೆ ಕೊಡ್ತೀಯಾ? ನಾನು ಅವಳಿಗೆ ಏನಾಗ್ಬೇಕು? ಇಲ್ಲಿ ಅವಳಿಗೆ ಅಂತ ಇರೋನು ನೀನೊಬ್ಬ. ಹೊದಿಸು. ಬಲಗಡೆಯಿಂದ. ಬಲಗಡೆ ಅಂದೆ!"

ಇವರು ಹೊದಿಸಿದರು. ಅಂಗಿ ಇನ್ನೂ ಬೆಚ್ಚಗಿತ್ತು, ಮೈಸೋಪಿನ ವಾಸನೆ. ಆ ಹೊತ್ತಿನಲ್ಲಿ ಏನು ಹೇಳಬೇಕೆಂದು ಇವರಿಗೇನು ಗೊತ್ತು? ಟೈಲ್ಸ್ ಕೆಲಸ ಮುಗಿಸಿ ಮನೆ ಒಪ್ಪಿಸುವಾಗ ಹೇಳುವುದನ್ನೇ ಹೇಳಿದರು — "ಸುಖವಾಗಿ ಬಾಳಿ, ಎಲ್ಲೂ ಬಿರುಕು ಬಿಡದಿರಲಿ." ಹೆಂಗಸರು ಗೊಳ್ಳೆಂದರು. ನಾನು ನಕ್ಕೆ. ಸದ್ದು ಬಂತು. ನನ್ನದೇ ಸದ್ದು ಕೇಳಿ ನನಗೇ ಗಾಬರಿ.

ನಾಲ್ಕು ಜನ ಕೋಟುಗಳನ್ನು ಎತ್ತಿ ಹಿಡಿದು ಮೂಲೆಯಲ್ಲಿ ಮರೆ ಮಾಡಿದರು. ಒಳಗೆ ನೀಲಿ ಕಳಚಿ ಹಳದಿ ತೊಟ್ಟೆ. "ಕೋಟು ಕೊಡ್ತೀರೋ, ಇಲ್ಲಾ ಮದುವೆ ಮಾಡ್ಕೋತೀರೋ?" ಎಂದು ರಷ್ಯನ್ ಹೆಂಗಸು ಆಚೆಯಿಂದ ಕೂಗುತ್ತಿದ್ದಳು. ಆದರೂ ಅವಳೇ ನಮಗಾಗಿ ಬಾಗಿಲು ಹಿಡಿದು ನಿಂತಿದ್ದಳು.

ಕಚೇರಿ ಬಗ್ಗೆ ಬರೆಯಲು ಹೋದರೆ ಮಾತು ಸಿಗುವುದಿಲ್ಲ. ತುರ್ದಿಬೋಯ್ ಹಾಫಿಜ್ ಮುದುಕರಾಗಿದ್ದಾರೆ, ಇಬ್ಬರು ಶಿಷ್ಯರು ಹಿಡಿದು ಕರೆತಂದರು. ತಟ್ಟೆ ಎತ್ತಿದ ಮೇಲೆ ಮಾತ್ರ ವಯಸ್ಸಿಲ್ಲ. ಹೊಳೆ ದಾಟಿ ಹೋದವರನ್ನು ಈಚೆ ದಡದಿಂದ ಕರೆಯುವ ಹಾಡು. ಅವರು ಎತ್ತರಕ್ಕೆ ಹೋದಷ್ಟೂ ನನಗೆ ಅಪ್ಪನ ಸೀಳು ದನಿಯೇ ಕೇಳಿಸುತ್ತಿತ್ತು, ಅದೇ ಜಾಗದಲ್ಲಿ ಅಪ್ಪ ತಪ್ಪುತ್ತಿದ್ದರಲ್ಲ. ಇವರು ಜಾಕೆಟ್ಟನ್ನು ಕೊರಳವರೆಗೆ ಹಾಕಿಕೊಂಡು, ಒಳಗೆ ಬರೀ ಬನಿಯನ್, ಬೆವರುತ್ತಾ "ಭಲೇ! ಭಲೇ!" ಎಂದು ಕೂಗುತ್ತಿದ್ದರು. ಮುಖ ನೋಡುವುದಿಲ್ಲವೆಂಬ ಆಣೆ ಮೊದಲ ಹಾಡಿಗೇ ಮುರಿದರು. ನಾನೂ ನೋಡಿದೆ. ಎಷ್ಟು ಸಣ್ಣಗಾಗಿದ್ದಾರೆ.

ಫೆಬ್ರವರಿ 13

ಇವರು ಈಗ ಮನೆಯೊಳಗೂ ಗುನುಗುತ್ತಾರೆ. ಗುನುಗಿ, ನಿಲ್ಲಿಸಿ, ನನ್ನತ್ತ ಓರೆಗಣ್ಣು. ಮುಂದಿನ ಸಾಲು ನಾನು ಎತ್ತಿಕೊಳ್ಳಲಿ ಎಂದು.

ಬಾಯಿ ತೆರೆದೆ. ಬರಲಿಲ್ಲ. "ಚಹಾ ಆರ್ತಿದೆ" ಅಂದೆ.

ಫೆಬ್ರವರಿ 17

ಸಬೋಹತ್ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿಬಿಟ್ಟೆ. ತಪ್ಪಾಯಿತು.

"ಕೋಟು ಇಡೋ ಜಾಗದಲ್ಲಾ? ಗಂಡನ ಅಂಗಿನಾ? ನಗೆಪಾಟಲು! ಅದು ಲೆಕ್ಕಕ್ಕಿಲ್ಲ, ಹೋಸಿಯತ್. ಗಂಡಸು ಹೊದಿಸಿದ್ರೆ ಶೋಕ ಇಳಿಯಲ್ಲ. ನೀಲಿ ಬಿಸಾಕ್ಬೇಡ, ನೀನು ಬಂದಾಗ ಸರಿಯಾಗಿ ಮಾಡ್ತೀವಿ. ಅಲ್ಲೀವರೆಗೂ ಹಾಕ್ಕೋ."

ನೀಲಿಯನ್ನು ಒಗೆದು ಹೀಟರಿನ ಮೇಲೆ ಹಾಕಿದ್ದೇನೆ, ಯಾರಿಗಾದರೂ ಕೊಡೋಣವೆಂದು. ಒಣಗಿದೆ. ಒಂದು ತೋಳು ತೂರಿಸಿ ನೋಡಿದೆ. ಮೈಗೆ ಎಷ್ಟು ಚೆನ್ನಾಗಿ ಒಗ್ಗಿದೆ, ದರಿದ್ರದ್ದು. ಆಗಲೇ ಇವರು ಒಳಗೆ ಬಂದರು. ಗುನುಗು ನಿಂತಿತು. ಬೂಟಿನ ದಾರ ಬಿಚ್ಚುತ್ತಾ ಕೂತರು, ಎಷ್ಟೋ ಹೊತ್ತು.

ಫೆಬ್ರವರಿ 18, ಸಂಜೆ

ಅಮ್ಮನ ಫೋನು. ಅಕ್ಕ ಕಿವಿ ಊದಿದ್ದಾಳೆ, ಗೊತ್ತೇ ಇತ್ತು. ಬೈಗುಳಕ್ಕೆ ತಯಾರಾಗಿ ಕೂತೆ.

"ಅವನೇ ಹೊದಿಸಿದ್ನಾ?"

"ಹೂಂ."

"ಅವನ ಮೈಮೇಲಿದ್ದ ಅಂಗಿನಾ?"

"ಹೂಂ ಅಮ್ಮ. ಆಮೇಲೆ ಬನಿಯನ್ ಮೇಲೆ ಜಾಕೆಟ್ ಹಾಕ್ಕೊಂಡು ಕೂತಿದ್ರು, ಕಚೇರಿ ಪೂರ್ತಿ."

ನೋಡಿದರೆ, ನಗುತ್ತಿದ್ದಾಳೆ. ಕೆಮ್ಮಿ, ಮತ್ತೆ ನಕ್ಕು, ಮೂಗು ಒರೆಸಿಕೊಂಡಳು.

"ನಿನ್ನಕ್ಕನ ಮಾತು ಬಿಡು. ನಂಗೆ ಏಳು ಜನ ಸೇರಿ ಹೊದಿಸಿದ್ರು. ಒಳ್ಳೇ ರೇಷ್ಮೆ. ಪಲಾವ್ ಮಾಡಿದ್ರು, ಎಲ್ಲಾ ಕ್ರಮವಾಗೇ ಆಯ್ತು. ಅವರೆಲ್ಲ ಎದ್ದು ಹೋದ ಮೇಲೆ ನೋಡ್ಕೋತೀನಿ, ಏನೂ ಇಳಿದಿಲ್ಲ. ಹಂಗೇ ಇದೆ. ನಂಗೆ ಹೊದಿಸ್ಬೇಕಾಗಿದ್ದೋರು ಒಬ್ಬರೇ ಕಣೇ. ಅವರಿಗೋಸ್ಕರನೇ ಅಲ್ವಾ ನಾನು ನೀಲಿ ತೊಟ್ಟಿದ್ದು."

ಇಷ್ಟು ದಿನ ಅಪ್ಪನನ್ನು ಕಳೆದುಕೊಂಡವಳು ನಾನೊಬ್ಬಳೇ ಎಂಬಂತೆ ಕೂತಿದ್ದೆ.

"ನಿಂಗೆ ಹೊದಿಸೋನು ಇನ್ನೂ ಇದ್ದಾನೆ. ಆ ನೀಲಿ ಯಾರಿಗಾದ್ರೂ ಕೊಟ್ಬಿಡು," ಎಂದಳು. ಆಮೇಲೆ, ದನಿ ಇಳಿಸಿ — "ಹಾಫಿಜ್ ಏನು ಹಾಡಿದ್ರು?"

ಹೇಳಿದೆ.

"ಅದಾ! ನಿಮ್ಮಪ್ಪ ಕೊಂದು ಹಾಕ್ತಿದ್ರು ಅದನ್ನ. ನೀನು ಹಾಡೇ. ಇಲ್ಲಿ ಮನೆ ಬಿಕೋ ಅಂತಿದೆ."

"ಗಂಟಲು ತುಕ್ಕು ಹಿಡಿದಿದೆ ಅಮ್ಮ."

"ತುಕ್ಕೇ ಕೇಳಿಸು. ನಮಾಜ್ ಮುಗಿಸಿ ಮತ್ತೆ ಫೋನ್ ಮಾಡ್ತೀನಿ."

ಈಗ ಅದಕ್ಕೇ ಕಾಯುತ್ತಿದ್ದೇನೆ. ಝಿಯೋದಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಾಳೆ. ಇವರು ಅಡುಗೆಮನೆಯಲ್ಲಿ ನಲ್ಲಿ ಸರಿಮಾಡುವ ನೆಪದಲ್ಲಿ ನಿಂತಿದ್ದಾರೆ. ನಲ್ಲಿ ಸರಿಯಾಗಿಯೇ ಇದೆ. ಉಸಿರು ಬಿಗಿಹಿಡಿದಿದ್ದಾರೆ, ಇಲ್ಲಿಗೇ ಗೊತ್ತಾಗುತ್ತದೆ.

ಮೊದಲ ಸಾಲು ನೆನಪಿದೆ. ಎರಡನೆಯದು ಎತ್ತರದಲ್ಲಿ ಬರುವುದು, ಅಪ್ಪ ತಪ್ಪುತ್ತಿದ್ದ ಜಾಗ. ಅಲ್ಲಿಗೆ ಹೋಗಿ ನಾನೂ ನಿಂತುಬಿಟ್ಟರೆ ಇವರನ್ನು ಕರೆಯುತ್ತೇನೆ, ಇವರು ಎತ್ತಿಕೊಳ್ಳಲಿ, ಇಷ್ಟು ದಿನ ಕಾದವರು... ಬಂತು, ಫೋನು —